ಸಂಘದ ಸ್ಥಾಪನಾ ದಿನ ಯಾವುದು?

ಪ್ರಶ್ನೆ: ಬೇಸಿಗೆಯಲ್ಲಿ ಬಸ್ ನಿಲ್ದಾಣದ ಬಳಿ ಅರವಟ್ಟಿಗೆ ನಡೆಸುವುದು, ಬಡ ಮಕ್ಕಳಿಗೆ ಪುಸ್ತಕ ಕೊಡಿಸುವುದು, ದಿಕ್ಕಿಲ್ಲದವರ ಅಂತ್ಯಸಂಸ್ಕಾರ ಮಾಡಿಸುವುದು ಮುಂತಾದ ಕೆಲಸಗಳನ್ನು ನಮ್ಮ ಸೇವಾ ಸಂಘ ತಲೆಮಾರುಗಳಿಂದ ಮಾಡುತ್ತ ಬಂದಿದೆ. ನೋಂದಣಿ ಪತ್ರದಲ್ಲಿ 1962 ಎಂದಿದೆ. ಆದರೆ ಹಳೆಯ ಠರಾವು ಪುಸ್ತಕದ ಮೊದಲ ಪುಟದಲ್ಲಿ ‘ಜಯನಾಮ ಸಂವತ್ಸರ, ವೈಶಾಖ ಶುದ್ಧ ತದಿಗೆ’ ಎಂದಷ್ಟೇ ಇದ್ದು, ಇಸವಿ ಬರೆದಿಲ್ಲ. ಕೆಳಗೆ ‘ಜಿಲ್ಲಾ ಧಾರವಾಡ, ಮುಂಬಯಿ ರಾಜ್ಯ’ ಎಂದೂ ವರ್ಗಣಿ ನಾಲ್ಕಾಣೆ ಎಂದೂ ಇದೆ. ಅಮೃತ ಮಹೋತ್ಸವವನ್ನು ಯಾವ ವರ್ಷ ಮಾಡಬೇಕು, ಹೇಗೆ ಮಾಡಬೇಕು ಎಂಬ ಬಗ್ಗೆ ಸದಸ್ಯರಲ್ಲಿ ಒಮ್ಮತವಿಲ್ಲ. ತಮ್ಮ ಸಲಹೆ ಏನು?
– ಸಂಘವೊಂದರ ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಉತ್ತರ: ಇಸವಿ ಬರೆದಿಲ್ಲವೆಂದು ತಾವು ಚಿಂತಿಸಬೇಕಾಗಿಲ್ಲ, ಅದನ್ನು ಕಂಡುಹಿಡಿಯಲು ಬೇಕಾದುದೆಲ್ಲ ಆ ಪುಟದಲ್ಲೇ ಇದೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಜಯನಾಮ ಸಂವತ್ಸರವು 1894ರಲ್ಲಿ, 1954ರಲ್ಲಿ ಮತ್ತು 2014ರಲ್ಲಿ ಬಂದಿದೆ. ‘ಮುಂಬಯಿ ರಾಜ್ಯ’ ಎಂಬ ಹೆಸರು ಸಂವಿಧಾನ ಜಾರಿಗೆ ಬಂದ 1950ರ ನಂತರದ್ದು, ಮತ್ತು 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಆಗಿನ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ವಿಳಾಸವನ್ನು ಯಾರೂ ಬರೆಯುವಂತಿರಲಿಲ್ಲ. ಈ ಆರೇಳು ವರ್ಷಗಳ ನಡುವೆ ಬರುವ ಜಯನಾಮ ಸಂವತ್ಸರ ಒಂದೇ: 1954ರ ಯುಗಾದಿಯಿಂದ ಆರಂಭವಾದದ್ದು. ವರ್ಗಣಿಯ ನಾಲ್ಕಾಣೆಯೂ ಇದಕ್ಕೆ ಹೊಂದುತ್ತದೆ, ಏಕೆಂದರೆ ನಯಾ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಾದ್ದರಿಂದ ‘ಜಿಲ್ಲಾ ಧಾರವಾಡ’ ಎಂದಿರುವುದೂ ಸಹಜವೇ. ಹೀಗಾಗಿ ತಮ್ಮ ಸಂಘದ ಮೊದಲ ಸಭೆ ನಡೆದದ್ದು 1954ರ ಮೇ ತಿಂಗಳ ಮೊದಲ ವಾರದಲ್ಲಿ.

ಇನ್ನು, ಮೊದಲ ಸಭೆಯ ದಿನವನ್ನು ಹಿಡಿಯಬೇಕೋ ನೋಂದಣಿಯ ದಿನವನ್ನೋ ಎಂಬುದು ಸಂಸ್ಥೆ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘಕ್ಕೆ 1905ನೇ ಇಸವಿಯೇ ಸರಿ. 1904ರ ಸಹಕಾರ ಕಾಯ್ದೆ ಇಲ್ಲದಿದ್ದರೆ ಆ ಬಗೆಯ ಸಂಘವೇ ಹುಟ್ಟುತ್ತಿರಲಿಲ್ಲ. ಅರವಟ್ಟಿಗೆಗೆ ಕಾಯ್ದೆಯ ಅಪ್ಪಣೆ ಬೇಕಾಗಿರಲಿಲ್ಲ. ಊರಿನ ನಾಲ್ಕು ಜನ ಕೂಡಿ ವರ್ಗಣಿ ಹಾಕಿ ನೀರಿನ ಕೊಡ ತುಂಬಿಸಿದ ದಿನವೇ ಅಂಥ ಸಂಘ ಹುಟ್ಟಿದ ದಿನ. ಆಸ್ತಿ, ಬ್ಯಾಂಕ್ ಖಾತೆ, ವ್ಯಾಜ್ಯ ಮುಂತಾದ ಕಾನೂನಿನ ವ್ಯವಹಾರಗಳಿಗೆ ಮಾತ್ರ 1962 ಬೇಕಾಗುತ್ತದೆ. ಆದ್ದರಿಂದ ಸಂಘದ ಪತ್ರಗಳ ಮೇಲೆ ‘ಸ್ಥಾಪನೆ 1954, ನೋಂದಣಿ 1962’ ಎಂದು ಎರಡನ್ನೂ ಅಚ್ಚು ಹಾಕಿಸಿ, ಸರ್ವಸದಸ್ಯರ ಸಭೆಯಲ್ಲಿ ಠರಾವು ಪಾಸು ಮಾಡಿಸಿ, ಅಮೃತ ಮಹೋತ್ಸವವನ್ನು 2029ಕ್ಕೆ ಇಟ್ಟುಕೊಳ್ಳಿ. 2037ರವರೆಗೆ ಕಾಯಬೇಕೆನ್ನುವವರಿಗೆ ಸಂಘದ ಹಿರಿಯ ಸದಸ್ಯರ ವಯಸ್ಸನ್ನು ಒಮ್ಮೆ ನೆನಪಿಸಿದರೆ ಸಾಕು.

ದಿನದ ಆಯ್ಕೆಯಲ್ಲಿ ಒಂದು ತೊಡಕಿದೆ. ವೈಶಾಖ ಶುದ್ಧ ತದಿಗೆ ಎಂದರೆ ಬಸವ ಜಯಂತಿ, ಅದೇ ಅಕ್ಷಯ ತೃತೀಯವೂ ಹೌದು. ಅಂದು ನಮ್ಮ ಕಡೆ ಊರೂರಲ್ಲಿ ಮೆರವಣಿಗೆ, ಮನೆಮನೆಯಲ್ಲಿ ಮದುವೆ. ಕಲ್ಯಾಣ ಮಂಟಪ ಸಿಗುವುದಿಲ್ಲ, ಅಡುಗೆಯವರಂತೂ ಸಿಗುವುದೇ ಇಲ್ಲ. ತಿಥಿಯ ದಿನ ಬೆಳಿಗ್ಗೆ ಅರವಟ್ಟಿಗೆಯ ಬಳಿಯೇ ಸದಸ್ಯರು ಸೇರಿ ಬಂದವರಿಗೆಲ್ಲ ಪಾನಕ, ಮಜ್ಜಿಗೆ ಕೊಟ್ಟು, ಸಾರ್ವಜನಿಕ ಸಮಾರಂಭವನ್ನು ಶಾಲೆಗಳು ಆರಂಭವಾದ ಬಳಿಕ ಒಂದು ಭಾನುವಾರ ಮಾಡುವುದು ಮೇಲು. ಪುಸ್ತಕ ಪಡೆಯುವ ಮಕ್ಕಳೂ ಆಗ ಊರಿನಲ್ಲಿರುತ್ತಾರೆ.

ಸಮಾರಂಭದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ವೇದಿಕೆಯ ಮೇಲೆ ಎರಡು ಸಾಲು ಕುರ್ಚಿ ಹಾಕಿ, ಶಾಲು, ಹಾರ, ನೆನಪಿನ ಕಾಣಿಕೆಗಳಲ್ಲೇ ಮಧ್ಯಾಹ್ನ ಮಾಡಿ, ಹೆಣ ಹೊತ್ತವರನ್ನೂ ಕೊಡ ತುಂಬಿದವರನ್ನೂ ಪೆಂಡಾಲಿನ ಹಿಂದೆ ನಿಲ್ಲಿಸುವ ಉತ್ಸವಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಸನ್ಮಾನ ಮಾಡುವುದಾದರೆ ಮೊದಲ ಹೆಸರು ಅವರದ್ದಾಗಿರಲಿ. ಸ್ಮರಣ ಸಂಚಿಕೆಯನ್ನು ಗಣ್ಯರ ಶುಭ ಸಂದೇಶಗಳಿಂದಲೂ ಅಂಗಡಿಗಳ ಜಾಹೀರಾತಿನಿಂದಲೂ ತುಂಬಿಸುವ ಬದಲು, ಠರಾವು ಪುಸ್ತಕದ ಆ ಮೊದಲ ಪುಟದ ಚಿತ್ರವನ್ನೂ ಹಳೆಯ ಜಮಾ-ಖರ್ಚಿನ ಕೆಲವು ಪುಟಗಳನ್ನೂ ಹಿರಿಯರಿಂದ ಕೇಳಿ ಬರೆದುಕೊಂಡ ಸಂಗತಿಗಳನ್ನೂ ಅಚ್ಚು ಹಾಕಿಸಿ. ಹರಿದ ಪುಟಗಳಿಗೆ ದಯವಿಟ್ಟು ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಫೋಟೊ ತೆಗೆಸಿ, ಮೂಲ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಫ್ಲೆಕ್ಸ್ ಮೇಲೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ, ಬಟ್ಟೆಯ ಬ್ಯಾನರ್ ಬರೆಸಿ.

ಹಣದ ವಿಷಯದಲ್ಲಿ ಮಹೋತ್ಸವಕ್ಕೆಂದೇ ಬೇರೆ ರಸೀದಿ ಪುಸ್ತಕ, ಬೇರೆ ಖಾತೆ ಇರಲಿ. ತಮ್ಮ ಸಂಘಕ್ಕೆ ದೇಣಿಗೆಯ ಮೇಲಿನ ತೆರಿಗೆ ವಿನಾಯ್ತಿ ಇದ್ದರೆ, ₹2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ಆ ವಿನಾಯ್ತಿ ಸಿಗುವುದಿಲ್ಲ ಎಂಬುದನ್ನು ದಾನಿಗಳಿಗೆ ಮೊದಲೇ ತಿಳಿಸಿ ಚೆಕ್ ಪಡೆಯಿರಿ. ಉಳಿದ ಹಣವನ್ನು ಅರವಟ್ಟಿಗೆಯ ಹೆಸರಿನಲ್ಲಿ ಠೇವಣಿ ಇಟ್ಟು, ಲೆಕ್ಕಪತ್ರವನ್ನು ಮುಂದಿನ ವಾರ್ಷಿಕ ಸಭೆಯಲ್ಲಿ ಓದಿ ಮಂಜೂರು ಮಾಡಿಸಿಕೊಳ್ಳಿ.