ಎರಡನೇ ಡಿಎನ್‌ಎಸ್‌ಗೆ 8.8.8.8 ಸಾಕಾ?

ಪ್ರಶ್ನೆ: ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್. 18 ಕಂಪ್ಯೂಟರ್‌ಗಳಿವೆ. ಹೋದ ತಿಂಗಳು ವಿಂಡೋಸ್ ಸರ್ವರ್‌ನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಸುಟ್ಟುಹೋಯಿತು. ರಿಪೇರಿಗೆ ಮೂರು ದಿನ ಹಿಡಿಯಿತು. ಹೆಸರು ಕೊಟ್ಟರೆ ಆ ಯಂತ್ರದ ಐಪಿ (ನಂಬರ್ ವಿಳಾಸ) ಹೇಳುವ ಡಿಎನ್‌ಎಸ್ ಇದ್ದದ್ದು ಅದರಲ್ಲೇ. ಬಿಲ್ಲಿಂಗ್ ಬೇರೆ ಯಂತ್ರದಲ್ಲಿದ್ದರೂ ತೆರೆಯಲಿಲ್ಲ. ಇಂಟರ್‌ನೆಟ್ ಲೈನ್ ಸರಿಯಿದ್ದರೂ ಒಂದು ಪೇಜೂ ಬರಲಿಲ್ಲ. ಎರಡನೇ ಡಿಎನ್‌ಎಸ್ ಜಾಗದಲ್ಲಿ 8.8.8.8 ಹಾಕಿ ಅಂತಾರೆ. ಅಷ್ಟು ಸಾಕಾ?

ಉತ್ತರ: ಸಾಲದು. ಹಾಕಲೂ ಬೇಡಿ. ಮುಂಬೈ ದಾದರ್‌ನ ಒಂದು ಆಫೀಸಿನಲ್ಲಿ ನಾನೇ ಹಾಗೆ ಹಾಕಿದ್ದೆ. ಬೆಳಿಗ್ಗೆ ಎಲ್ಲ ಸರಿ ಇರುತ್ತಿತ್ತು. ಮಧ್ಯಾಹ್ನ ಯಾವುದೋ ಒಂದು ಟೇಬಲ್‌ಗೆ ಮಾತ್ರ ಪ್ರಿಂಟರ್ ಸಿಗುತ್ತಿರಲಿಲ್ಲ. ಅಕೌಂಟ್ಸ್ ನೋಡುತ್ತಿದ್ದ ಅಕ್ಕ ಚಲನ್‌ಗೆ ಪ್ರಿಂಟ್ ಕೊಟ್ಟು, ಪ್ರಿಂಟರ್ ಮುಂದೆ ಸುಮ್ನೆ ನಿಂತಿರುತ್ತಿದ್ದರು. ಮೂರು ದಿನ ಕೇಬಲ್ ಬದಲಿಸಿದೆ. ಕೇಬಲ್‌ನಲ್ಲಿ ಏನೂ ಇರಲಿಲ್ಲ.

ಆಗಿದ್ದು ಇಷ್ಟೇ. ಮೊದಲನೇ ಡಿಎನ್‌ಎಸ್ ಸ್ವಲ್ಪ ತಡಮಾಡಿದರೂ ವಿಂಡೋಸ್ ಎರಡನೆಯದನ್ನು ಕೇಳುತ್ತದೆ. 8.8.8.8 ಗೂಗಲ್‌ನದು. ಹೊರಗಿನ ಹೆಸರೆಲ್ಲ ಅದಕ್ಕೆ ಗೊತ್ತು, ನಿಮ್ಮ ಬಿಲ್ಲಿಂಗ್ ಯಂತ್ರದ ಹೆಸರು ಗೊತ್ತಿಲ್ಲ. ‘ಅಂಥ ಹೆಸರೇ ಇಲ್ಲ’ ಅನ್ನುತ್ತದೆ. ಕಂಪ್ಯೂಟರ್‌ಗೆ ಅದೂ ಒಂದು ಉತ್ತರವೇ. ಅಲ್ಲಿಗೆ ಹುಡುಕುವುದನ್ನು ಬಿಟ್ಟುಬಿಡುತ್ತದೆ.

ಹಾಗಾಗಿ ಎರಡನೆಯದಕ್ಕೂ ನಿಮ್ಮ ಒಳಗಿನ ಹೆಸರುಗಳು ಗೊತ್ತಿರಬೇಕು. ದೊಡ್ಡ ಯಂತ್ರ ಬೇಡ. ಹಳೇ ಪಿಸಿ ಅಥವಾ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಸಾಕು. ಲಿನಕ್ಸ್ ಹಾಕಿ, ಬೈಂಡ್ ಅನ್ನುವ ಡಿಎನ್‌ಎಸ್ ಸಾಫ್ಟ್‌ವೇರ್ ಹಾಕಿ. ಎರಡೂ ಪುಕ್ಕಟೆ. ಅದನ್ನು ಸೆಕೆಂಡರಿ ಮಾಡಿ, ಖಾಯಂ ಐಪಿ ಕೊಡಿ. ವಿಂಡೋಸ್ ಸರ್ವರ್‌ನಲ್ಲಿ ಆ ಐಪಿಗೆ ಮಾತ್ರ ಜೋನ್ ಟ್ರಾನ್ಸ್‌ಫರ್‌ಗೆ ಅನುಮತಿ ಕೊಡಿ. ಜೋನ್ ಅಂದರೆ ನಿಮ್ಮ ಹೆಸರುಗಳ ಪಟ್ಟಿ, ಅದು ತಾನಾಗಿ ನಕಲಾಗುತ್ತದೆ. 8.8.8.8ಕ್ಕೂ ಒಂದು ಜಾಗ ಇದೆ: ಎರಡೂ ಸರ್ವರ್‌ಗಳಲ್ಲಿ ಫಾರ್ವರ್ಡರ್ ಆಗಿ, ಅಂದರೆ ಹೊರಗಿನ ಹೆಸರುಗಳನ್ನು ನಿಮ್ಮ ಸರ್ವರ್ ಅದನ್ನು ಕೇಳಿ ಹೇಳುತ್ತದೆ. ಡೊಮೇನ್ ಲಾಗಿನ್ (ಎಲ್ಲರ ಪಾಸ್‌ವರ್ಡ್ ಸರ್ವರ್‌ನಲ್ಲೇ ಇರುವ ವ್ಯವಸ್ಥೆ) ಬಳಸುತ್ತಿದ್ದರೆ ಮಾತ್ರ ಪೈ ಬಿಟ್ಟು, ಆ ಲಾಗಿನ್ ನೋಡಿಕೊಳ್ಳುವ ಎರಡನೇ ಸರ್ವರ್, ಅಂದರೆ ಎರಡನೇ ಡೊಮೇನ್ ಕಂಟ್ರೋಲರ್ ಬಗ್ಗೆ ಯೋಚಿಸಿ.

ಒಂದು ಅಂಕಿ ದಯವಿಟ್ಟು ನೋಡಿ. ಜೋನ್‌ನ ಎಸ್‌ಒಎಯಲ್ಲಿ (ಆ ಪಟ್ಟಿಯ ಸೆಟ್ಟಿಂಗ್ ಇರುವ ದಾಖಲೆ) ‘ಎಕ್ಸ್‌ಪೈರ್’ ಅಂತ ಇರುತ್ತದೆ. ಮೊದಲನೆಯದು ಅಷ್ಟು ಹೊತ್ತು ಸಿಗದಿದ್ದರೆ ಎರಡನೆಯದು ಆ ಜೋನ್ ಬಗ್ಗೆ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ವಿಂಡೋಸ್ ಇದನ್ನು 1 ದಿನಕ್ಕೆ ಇಟ್ಟಿರುತ್ತದೆ. ನಿಮ್ಮ ರಿಪೇರಿಗೆ ಹಿಡಿದದ್ದು ಮೂರು ದಿನ ಅಲ್ವಾ? ಎರಡನೇ ಸರ್ವರ್ ಇದ್ದಿದ್ದರೂ ಮಾರನೇ ದಿನ ಮತ್ತೆ ಅದೇ ಗತಿ. 2 ವಾರ ಮಾಡಿ.

ಎರಡನ್ನೂ ಒಂದೇ ಯುಪಿಎಸ್‌ಗೆ, ಒಂದೇ ಸ್ವಿಚ್‌ಗೆ ಚುಚ್ಚಬೇಡಿ. ಕಂಪ್ಯೂಟರ್‌ಗಳಿಗೆ ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ ಎರಡೂ ಡಿಎನ್‌ಎಸ್‌ಗಳ ಐಪಿ ಕೊಡಿ.

ಗುರುವಾರ ನಿಮಗೆ ರಜೆ. ಕರೆಂಟ್ ಇರುವ ಹೊತ್ತು ನೋಡಿ ವಿಂಡೋಸ್ ಸರ್ವರ್‌ನ ಲ್ಯಾನ್ ಕೇಬಲ್ ಕಿತ್ತುಬಿಡಿ. ಶಾಪ್ ಫ್ಲೋರ್‌ನ ಒಂದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಹಳೇ ನೆನಪಿನಿಂದಲೇ ಕೆಲಸ ನಡೆಸಿಬಿಡುತ್ತದೆ. ಬಿಲ್ಲಿಂಗ್ ತೆರೆಯಿರಿ. ಒಂದೆರಡು ಸೆಕೆಂಡ್ ಜಾಸ್ತಿ ಹಿಡಿದರೆ ಗಾಬರಿ ಬೇಡ. ಒಂದು ಚಲನ್ ಪ್ರಿಂಟ್ ಆಗಿ ಕೈಗೆ ಬಂದ ಮೇಲೆ ಕೇಬಲ್ ವಾಪಸ್ ಹಾಕಿ.