ಯಾರ ಕೊಡುಗೆ ದೊಡ್ಡದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ದಾನದ ವಿಷಯವೇ ಜಾಸ್ತಿ. ನಾಲ್ಕನ್ನು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಆಫೀಸಿನ ಸೆಕ್ಯೂರಿಟಿಯವರ ಮಗುವಿನ ಆಪರೇಷನ್‌ಗೆ ದುಡ್ಡು ಒಟ್ಟು ಮಾಡಿದೆವು. ಮ್ಯಾನೇಜರ್ 5,000 ಕೊಟ್ಟರು, ಕಸ ಗುಡಿಸುವ ಅಕ್ಕ 500 ಕೊಟ್ಟರು. ಯಾರೋ ಪಟ್ಟಿ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದರು, ಅಕ್ಕನ ಹೆಸರು ಕಟ್ಟಕಡೆಗೆ. ನಿಜಕ್ಕೂ ಯಾರು ಜಾಸ್ತಿ ಕೊಟ್ಟಂತಾಯಿತು? (ದಾವಣಗೆರೆ)

ಉತ್ತರ: ಮೊದಲು ಆ ಪಟ್ಟಿ ಡಿಲೀಟ್ ಮಾಡಿಸಿ. ಅಕ್ಕನ ಸಂಬಳ 14,000, ಮ್ಯಾನೇಜರ್ ಸಂಬಳ 1,40,000 ಅಂತ ಇಟ್ಟುಕೊಳ್ಳೋಣ. ಪರ್ಸೆಂಟ್ ಲೆಕ್ಕದಲ್ಲಿ ಇಬ್ಬರೂ ಸಮ, ಮೂರೂವರೆ ಚಿಲ್ಲರೆ. ಆದರೆ ಕೊಟ್ಟಮೇಲೆ ಒಬ್ಬರ ಕೈಯಲ್ಲಿ 1,35,000 ಉಳಿಯಿತು, ಇನ್ನೊಬ್ಬರ ಕೈಯಲ್ಲಿ 13,500. ಆ 500 ಅಂದರೆ ಅಕ್ಕನಿಗೆ ಅರ್ಧ ಸಿಲಿಂಡರ್ ಗ್ಯಾಸ್. ಕಷ್ಟಪಟ್ಟು ಕೊಟ್ಟವರು ಅವರೇ, ಎರಡು ಮಾತಿಲ್ಲ. ಹಾಗಂತ ಮ್ಯಾನೇಜರ್ ದುಡ್ಡನ್ನು ಹಗುರ ಮಾಡಬೇಡಿ. ಆಸ್ಪತ್ರೆಯ ಕೌಂಟರಿನಲ್ಲಿ ಯಾರು ಹೊಟ್ಟೆ ಕಟ್ಟಿ ಕೊಟ್ಟರು ಅಂತ ಯಾರೂ ಕೇಳುವುದಿಲ್ಲ, ಬಿಲ್ ಕಟ್ಟಿದರಾ ಅಂತ ಕೇಳುತ್ತಾರೆ. ಕೊಟ್ಟವರಿಗೆ ಎಷ್ಟು ಭಾರವಾಯಿತು, ಪಡೆದವರಿಗೆ ಎಷ್ಟು ಆಯಿತು, ಎರಡೂ ಬೇರೆ ಬೇರೆ ಲೆಕ್ಕ.

ವಿಪ್ರೋದ ಅಜೀಂ ಪ್ರೇಮ್‌ಜಿ ತಮ್ಮ ಫೌಂಡೇಶನ್‌ಗೆ ಕೊಟ್ಟದ್ದರ ಒಟ್ಟು ಬೆಲೆ 2019ರಲ್ಲಿ 1,45,000 ಕೋಟಿ ರೂಪಾಯಿ ಅಂತ ಸುದ್ದಿಯಾಯಿತು. ಅವರ ಮನೆಯಲ್ಲಿ ಅದರಿಂದ ಒಂದು ಹೊತ್ತಿನ ಊಟವೂ ತಪ್ಪಿರಲಿಕ್ಕಿಲ್ಲ. ಆದರೂ ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವುದರಲ್ಲಿ ಆ ದುಡ್ಡಿನ ಪಾಲಿದೆ. ಅತ್ತ ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಇದ್ದಬದ್ದ ಉಳಿತಾಯ ಹಾಕಿ ಊರಿಗೆ ಶಾಲೆ ತಂದರು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಈ ಕಥೆ ಹೇಳುವಾಗ ನಾವು ಅರ್ಧ ಬಿಟ್ಟುಬಿಡುತ್ತೇವೆ. ಬರೀ ಕಿತ್ತಳೆಯ ದುಡ್ಡಿನಿಂದ ಶಾಲೆ ಏಳಲಿಲ್ಲ, ಅವರು ಸರ್ಕಾರಿ ಕಚೇರಿಗಳಿಗೆ ಅಲೆದರು, ಉಳ್ಳವರ ಬಾಗಿಲಿಗೂ ಹೋದರು. ತಾನು ಕೊಟ್ಟು ಆಮೇಲೆ ಕೇಳುವವನಿಗೆ ಇಲ್ಲ ಅನ್ನುವುದು ಕಷ್ಟ, ಅಲ್ವಾ?

ಪ್ರಶ್ನೆ: ಊರಲ್ಲಿ ಗುಡಿ ಕಟ್ಟಲು ಮನೆಗೆ 5,000 ಅಂತ ಕಮಿಟಿಯವರು ವಂತಿಗೆ ಹಾಕಿದ್ದಾರೆ. ನಮಗೆ ಜಮೀನಿಲ್ಲ, ಕೂಲಿಯೇ ಗತಿ. ದೊಡ್ಡ ತೆಂಗಿನ ತೋಟದವರಿಗೂ ಅಷ್ಟೇ. ಕೇಳಿದರೆ ದೇವರ ಮುಂದೆ ಎಲ್ಲರೂ ಸಮ ಅನ್ನುತ್ತಾರೆ. (ತಿಪಟೂರು ಕಡೆ)

ಉತ್ತರ: ದೇವರ ಮುಂದೆ ಸಮ ಸರಿ, ದುಡ್ಡು ಕೇಳುತ್ತಿರುವವರು ಕಮಿಟಿಯವರು ತಾನೇ! ಹಿಂದೆ ಕಣದಲ್ಲಿ ರಾಶಿ ಆದಾಗ ಬೆಳೆದವನು ತನ್ನ ರಾಶಿ ನೋಡಿ ಮೊರದಲ್ಲಿ ಅಳೆದು ಕೊಡುತ್ತಿದ್ದ, ಹೊಲವಿಲ್ಲದವನು ಪಡೆಯುವ ಸಾಲಿನಲ್ಲಿರುತ್ತಿದ್ದ. ಮುಸ್ಲಿಮರ ಝಕಾತ್, ಅಂದರೆ ಕಡ್ಡಾಯ ದಾನ, ನೋಡಿ. ಅಲ್ಲಿ ಎರಡೂವರೆ ಪರ್ಸೆಂಟ್ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಅದು ಸಂಬಳದ ಮೇಲಲ್ಲ, ಸುಮಾರು 87 ಗ್ರಾಂ ಚಿನ್ನ ಅಥವಾ 612 ಗ್ರಾಂ ಬೆಳ್ಳಿಯಷ್ಟು ಆಸ್ತಿ ಒಂದು ವರ್ಷ ಕೈಯಲ್ಲಿ ಉಳಿದವರ ಮೇಲೆ ಮಾತ್ರ ಅನ್ನುವುದು ಮುಖ್ಯ. ಅದಕ್ಕಿಂತ ಕೆಳಗಿರುವವರನ್ನು ಕೇಳುವಂತೆಯೇ ಇಲ್ಲ. ಮುಂದಿನ ಮೀಟಿಂಗಿನಲ್ಲಿ ಎಕರೆ ಲೆಕ್ಕದಲ್ಲಿ ಹಾಕಿ ಅನ್ನಿ. ಒಬ್ಬರೇ ಎದ್ದು ನಿಲ್ಲಬೇಡಿ, ನಾಲ್ಕು ಮನೆಯವರು ಸೇರಿ ಹೋಗಿ. ಒಪ್ಪದಿದ್ದರೆ ಕೆಲಸಕ್ಕೆ ಬರುತ್ತೇವೆ ಅನ್ನಿ, ಆದರೆ ಆ ಕೂಲಿಯನ್ನು ವಂತಿಗೆ ಪುಸ್ತಕದಲ್ಲಿ ಬರೆಸಲೇಬೇಕು. ಸಾಲ ಮಾಡಿ ಮಾತ್ರ ಕೊಡಬೇಡಿ.

ಪ್ರಶ್ನೆ: ಯಜಮಾನರು ಆಟೊ ಓಡಿಸುತ್ತಾರೆ. ಯಾರು ಕಷ್ಟ ಅಂದರೂ ಜೇಬಲ್ಲಿ ಇದ್ದದ್ದು ಕೊಟ್ಟು ಬರುತ್ತಾರೆ. ಸ್ಟ್ಯಾಂಡಿನಲ್ಲಿ ಧರ್ಮರಾಯ ಅನ್ನುತ್ತಾರೆ. ಇತ್ತ ಸಂಘದ ಕಂತು ಕಟ್ಟಲು ನಾನು ಅಕ್ಕಪಕ್ಕದಲ್ಲಿ ಕೈ ಚಾಚಬೇಕು. ಬೇಡ ಅಂದರೆ ನಾನು ಜಿಪುಣಿ. (ಮಂಡ್ಯ)

ಉತ್ತರ: ಅಕ್ಕಾ, ಧರ್ಮರಾಯನ ಹೆಸರು ಬಂತಲ್ಲ, ಅವನ ಅಶ್ವಮೇಧಕ್ಕೆ ಬಂದ ಅರ್ಧ ಮೈ ಚಿನ್ನದ ಮುಂಗುಸಿ ಹೇಳುವ ಕಥೆ ಕೇಳಿರುತ್ತೀರಿ. ಬರಗಾಲದಲ್ಲಿ ಬಡ ಬ್ರಾಹ್ಮಣನ ಮನೆಯಲ್ಲಿ ಇದ್ದ ಚೂರು ಹಿಟ್ಟನ್ನು ನಾಲ್ಕು ಪಾಲು ಮಾಡಿದ್ದಾರೆ, ಅತಿಥಿ ಬರುತ್ತಾನೆ, ನಾಲ್ಕೂ ಪಾಲು ಅವನ ಎಲೆಗೆ ಹೋಗುತ್ತದೆ. ನಾವು ಅದನ್ನು ಬ್ರಾಹ್ಮಣನ ದಾನ ಅನ್ನುತ್ತೇವೆ. ಅವನದು ಒಂದೇ ಪಾಲು. ಉಳಿದ ಮೂರು ಹೆಂಡತಿ, ಮಗ, ಸೊಸೆಯದು. ಸೊಸೆ ತನ್ನ ಪಾಲು ಮುಂದೆ ಚಾಚಿದಾಗ, ಹಸಿದು ಸೊರಗಿದ ಮಗುವಿನಿಂದ ಹೇಗೆ ತೆಗೆದುಕೊಳ್ಳಲಿ ಅಂತ ಮಾವ ಹಿಂಜರಿಯುತ್ತಾನೆ. ನಿಮ್ಮ ಯಜಮಾನರಲ್ಲಿ ಇಲ್ಲದ್ದು ಆ ಹಿಂಜರಿಕೆ. ಅವರು ಕೊಡುತ್ತಿರುವುದರಲ್ಲಿ ನಿಮ್ಮ ಪಾಲಿದೆ, ಮಕ್ಕಳ ಪಾಲಿದೆ, ನಿಮ್ಮನ್ನು ಕೇಳಿಲ್ಲ. ಹೆಸರು ಮಾತ್ರ ಅವರೊಬ್ಬರಿಗೆ.

ಆದರೆ ಪೂರ್ತಿ ನಿಲ್ಲಿಸಲೂ ಹೋಗಬೇಡಿ. ಆಟೊ ಸ್ಟ್ಯಾಂಡಿನಲ್ಲಿ ಇವತ್ತು ಇವರು ಕೊಟ್ಟದ್ದು ನಾಳೆ ಇವರ ಗಾಡಿ ಕೆಟ್ಟು ನಿಂತಾಗ ವಾಪಸ್ ಬರುತ್ತದೆ, ಎಫ್.ಡಿ. ಇಲ್ಲದವರಿಗೆ ಅದೇ ಇನ್ಶೂರೆನ್ಸ್. ದಿನಾ ರಾತ್ರಿ ಕಂತು, ಬಾಡಿಗೆ, ಫೀಸಿನ ದುಡ್ಡು ನಿಮ್ಮ ಕೈಗೆ ಬಂದಮೇಲೆ 20 ರೂಪಾಯಿ ಒಂದು ಡಬ್ಬಿಗೆ ಹಾಕಲಿ. ತಿಂಗಳಿಗೆ 600 ಆಗುತ್ತದೆ. ಧಾರಾಳವಾಗಿ ಕೊಡಲಿ, ಆದರೆ ಆ ಡಬ್ಬಿಯಿಂದ. ಡಬ್ಬಿ ನಿಮ್ಮ ಹತ್ತಿರ ಇರಲಿ.

ಪ್ರಶ್ನೆ: ಅನಾಥಾಶ್ರಮಕ್ಕೆ 10,000 ಕೊಡಬೇಕೆಂದಿದ್ದೇನೆ. 80ಜಿ ತೆರಿಗೆ ರಿಯಾಯಿತಿ ತೆಗೆದುಕೊಂಡರೆ ಪುಣ್ಯ ಕಮ್ಮಿ ಆಗುತ್ತದಾ? (ಬೆಂಗಳೂರು)

ಉತ್ತರ: ಪುಣ್ಯದ ಖಾತೆ ನನ್ನ ಹತ್ತಿರ ಇಲ್ಲ, ತೆರಿಗೆಯದ್ದು ಹೇಳುತ್ತೇನೆ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಈ ರಿಯಾಯಿತಿಯೇ ಇಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹಳೆಯದರಲ್ಲಿದ್ದರೂ ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೆ ಸಿಗುವುದಿಲ್ಲ, ಚೆಕ್ ಅಥವಾ ಯುಪಿಐ ಮಾಡಿ. ಆಶ್ರಮಕ್ಕೆ 80ಜಿ ನೋಂದಣಿ ಇದೆಯಾ ನೋಡಿ, ದಾನದ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಸಾಮಾನ್ಯವಾಗಿ ಕೊಟ್ಟದ್ದರ ಅರ್ಧ ಆದಾಯದಿಂದ ಕಳೆಯುತ್ತದೆ, 30 ಪರ್ಸೆಂಟ್ ಕಟ್ಟುವವರಾದರೆ ನಿಮಗೆ ಸುಮಾರು 1,500 ಉಳಿಯುತ್ತದೆ. ಮೇಲೆ ಹೇಳಿದ ಕಸ ಗುಡಿಸುವ ಅಕ್ಕನಿಗೆ ಈ ಸೌಲಭ್ಯ ಇಲ್ಲ, ತೆರಿಗೆ ಕಟ್ಟುವಷ್ಟು ಸಂಬಳವೇ ಇಲ್ಲವಲ್ಲ. ಮನಸ್ಸು ಚುಚ್ಚಿದರೆ ಆ 1,500ನ್ನೂ ಆಶ್ರಮಕ್ಕೇ ಕೊಟ್ಟುಬಿಡಿ. ಅದಕ್ಕೂ ರಸೀದಿ ಕೇಳಿ.