ಮಳೆಗಾಲ, ಕಾರ್ಡು ಮತ್ತು ಕಟಿಂಗ್ ಮಷೀನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬೇಸಿಗೆಯಲ್ಲಿ ಕಟಿಂಗ್ ಮಷೀನು ನೀಟಾಗಿ ಕತ್ತರಿಸುತ್ತಿದ್ದ 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ಹಾಳೆ ಜುಲೈ ಬಂದ ಕೂಡಲೇ ಅಂಚಿನಲ್ಲಿ ಜೂಲು ಏಳುತ್ತಿದೆ. ಬ್ಲೇಡ್ ಹೊಸದೇ. ಒತ್ತಡ ಹೆಚ್ಚಿಸಿದರೆ ಹಾಳೆ ಅಂಟಿಸುವ ಮ್ಯಾಟಿಗೂ ಗೀರು ಬೀಳುತ್ತದೆ. ಏನು ಮಾಡಲಿ? (ತೀರ್ಥಹಳ್ಳಿ)

ಉತ್ತರ: ಬ್ಲೇಡನ್ನು ಬೈಯಬೇಡಿ, ಹಾಳೆ ಥಂಡಿ ಹಿಡಿದಿದೆ. ಕಾಗದ ಗಾಳಿಯ ತೇವ ಹೀರಿದಾಗ ಅದರ ನಾರು ಮೆತ್ತಗಾಗುತ್ತದೆ. ಮೆತ್ತಗಾದ ನಾರು ತುಂಡಾಗುವ ಬದಲು ಬ್ಲೇಡಿನ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಬ್ಲೇಡ್ ತಿರುಗುವ ಮೂಲೆಗಳಲ್ಲಿ ಇದು ಮೊದಲು ಕಾಣುತ್ತದೆ. ಹಾಳೆಯ ಒಂದು ಮೂಲೆ ಹಿಡಿದು ಅಲ್ಲಾಡಿಸಿ ನೋಡಿ: ಒಣಗಿದ್ದರೆ ಪಟಪಟ ಸದ್ದು ಬರುತ್ತದೆ, ಥಂಡಿಯಾಗಿದ್ದರೆ ಸುಮ್ಮನೆ ಜೋಲುತ್ತದೆ.

ಹಾಳೆಯನ್ನು ಎರಡು ಬಿಳಿ ಕಾಗದಗಳ ನಡುವೆ ಇಟ್ಟು, ಹಬೆ ಇಲ್ಲದ ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಎರಡೂ ಬದಿ ಆಡಿಸಿ. ಆರುವವರೆಗೆ ದಪ್ಪ ಪುಸ್ತಕಗಳ ಕೆಳಗಿಡಿ, ಇಲ್ಲವಾದರೆ ಸೊಟ್ಟಗಾಗುತ್ತದೆ. ಅತಿಯಾಗಿ ಒಣಗಿಸಿದರೆ ಮಡಿಸುವಾಗ ಬಿರಿಯುತ್ತದೆ, ಅದೂ ಬೇಡ. ಉಳಿದ ಹಾಳೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮಲಗಿಸಿಡಿ. ಬೇಕಾದಷ್ಟನ್ನೇ ತೆಗೆದು ಆವತ್ತೇ ಕತ್ತರಿಸಿ. ರಾತ್ರಿಯಿಡೀ ಮ್ಯಾಟಿನ ಮೇಲೆ ಅಂಟಿಸಿಟ್ಟ ಹಾಳೆ ಬೆಳಿಗ್ಗೆ ಕೆಟ್ಟಿರುತ್ತದೆ.

ಒತ್ತಡ ಏರಿಸುವುದಕ್ಕಿಂತ ಸ್ವಲ್ಪ ಇಳಿಸಿ ಎರಡು ಸಲ ಕತ್ತರಿಸುವುದು ವಾಸಿ. ಬ್ಲೇಡಿನ ಗೂಡಿನಲ್ಲಿ ಕಾಗದದ ಚೂರು ಸಿಕ್ಕಿಕೊಂಡಿದ್ದರೂ ಇದೇ ತೊಂದರೆ ಬರುತ್ತದೆ. ಬ್ಲೇಡ್ ಹೊರಗೆ ಬರುವಂತೆ ಮೇಲಿನಿಂದ ಒತ್ತಿ ಊದಿ, ಅಲ್ಯೂಮಿನಿಯಂ ಫಾಯಿಲ್ ಉಂಡೆಗೆ ನಾಲ್ಕಾರು ಸಲ ಚುಚ್ಚಿ. ಮ್ಯಾಟಿನ ಅಂಟು ಸತ್ತಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಹನಿ, ಮೃದು ಬ್ರಷ್ ಸಾಕು. ನೆರಳಲ್ಲೇ ಒಣಗಿಸಿ. ಕತ್ತರಿಸಿದ ಮೇಲೆ ಕಾರ್ಡನ್ನು ಮ್ಯಾಟಿನಿಂದ ಎಳೆಯಬೇಡಿ. ಮ್ಯಾಟನ್ನು ಬೋರಲು ಹಾಕಿ, ಮ್ಯಾಟನ್ನೇ ಬಗ್ಗಿಸುತ್ತ ಬಿಡಿಸಿ. ಕಾರ್ಡು ಚಪ್ಪಟೆಯಾಗಿಯೇ ಉಳಿಯುತ್ತದೆ.

ಪ್ರಶ್ನೆ: ಎ4 ಹಾಳೆಯನ್ನು ಅರ್ಧಕ್ಕೆ ಮಡಿಸಿದರೆ ಮಡಿಕೆಯ ಉದ್ದಕ್ಕೂ ಬಣ್ಣ ಬಿರಿದು ಬಿಳಿ ಗೆರೆ ಕಾಣುತ್ತದೆ. ಅದೇ ಹಾಳೆಯಲ್ಲಿ ಚಿಕ್ಕ ಕಾರ್ಡು ಮಾಡಿದಾಗ ಹೀಗಾಗುವುದಿಲ್ಲ. ಯಾಕೆ? (ಸಾಗರ)

ಉತ್ತರ: ಗಮನಿಸಿದ್ದು ಸರಿಯಾಗಿಯೇ ಇದೆ. ಕಾಗದದ ನಾರುಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಅದಕ್ಕೆ ಎಳೆ ಅಥವಾ ಗ್ರೇನ್ ಎನ್ನುತ್ತಾರೆ. ಎಳೆಗುಂಟ ಮಡಿಸಿದರೆ ಮಡಿಕೆ ನಯವಾಗಿ ಬರುತ್ತದೆ, ಅಡ್ಡ ಮಡಿಸಿದರೆ ನಾರು ಮುರಿಯುತ್ತದೆ. ಅಂಗಡಿಯ ಎ4 ಹಾಳೆಗಳಲ್ಲಿ ಎಳೆ ಸಾಮಾನ್ಯವಾಗಿ 297 ಮಿ.ಮೀ. ಬದಿಗುಂಟ ಇರುತ್ತದೆ. ಎ4 ಅನ್ನು ಮಡಿಸಿ ಎ5 ಕಾರ್ಡು ಮಾಡಿದಾಗ ಮಡಿಕೆ ಎಳೆಗೆ ಅಡ್ಡ ಬೀಳುತ್ತದೆ. ಮೊದಲು ಎ4 ಅನ್ನು ಎರಡು ತುಂಡು ಮಾಡಿ, ಒಂದೊಂದನ್ನೂ ಮಡಿಸಿ ಎ6 ಕಾರ್ಡು ಮಾಡಿದರೆ ಮಡಿಕೆ 148 ಮಿ.ಮೀ. ಬದಿಗುಂಟ ಬರುತ್ತದೆ, ಎಳೆಯೂ ಅದೇ ದಿಕ್ಕಿಗಿರುತ್ತದೆ. ಖಚಿತ ಮಾಡಿಕೊಳ್ಳಲು ಹಾಳೆಯನ್ನು ಮಡಿಸದೆ ಎರಡೂ ದಿಕ್ಕಿಗೆ ಬಗ್ಗಿಸಿ. ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಮಡಿಕೆ ಆ ಕಡೆಗಿರಲಿ. ಎ5 ಕಾರ್ಡೇ ಬೇಕೆಂದರೆ ದೊಡ್ಡ ಹಾಳೆ ತಂದು ಎಳೆ ನೋಡಿ ಕತ್ತರಿಸಿಕೊಳ್ಳಿ.

ಬಿಳಿ ಗೆರೆಗೆ ಇನ್ನೊಂದು ಕಾರಣ, ಬಣ್ಣ ಮೇಲ್ಪದರದಲ್ಲಿ ಮಾತ್ರ ಇರುವ ಹಾಳೆ. ಕೊಳ್ಳುವ ಮೊದಲು ಮೂಲೆ ಹರಿದು ನೋಡಲು ಅಂಗಡಿಯವರು ಬಿಡುವುದಿಲ್ಲ, ಆದರೆ ಅಂಚನ್ನು ನೋಡಿದರೂ ಗೊತ್ತಾಗುತ್ತದೆ.

ಮಡಿಸುವ ಮೊದಲು ಸ್ಕೋರ್ ಗೀರು (ಕತ್ತರಿಸದೆ ಒತ್ತಿ ಮೂಡಿಸುವ ತಗ್ಗುಗೆರೆ) ಹಾಕಲೇಬೇಕು. ಕಾರ್ಡಿನ ಹೊರಮೈ ಮೇಲೆ ಬರುವಂತೆ ಮ್ಯಾಟಿಗೆ ಅಂಟಿಸಿ, ಗೀರಿನ ತಗ್ಗು ಹೊರಗೆ, ಉಬ್ಬು ಒಳಗೆ ಬರುವಂತೆ ಮಡಿಸಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಕ್ರಿಕಟ್ ಕಂಪನಿಯ ಮಷೀನಿದ್ದರೆ ಅದರ ಡಿಸೈನ್ ಸ್ಪೇಸ್ ತಂತ್ರಾಂಶದಲ್ಲಿ ಗೆರೆಯನ್ನು ‘ಸ್ಕೋರ್’ ಎಂದು ಬದಲಿಸಿ, ಕಾರ್ಡನ್ನೂ ಗೆರೆಯನ್ನೂ ಒಟ್ಟಿಗೆ ಆರಿಸಿ ‘ಅಟ್ಯಾಚ್’ ಒತ್ತಿ. ಒತ್ತದಿದ್ದರೆ ಗೀರು ಹಾಳೆಯಲ್ಲಿ ಬೇರೆಲ್ಲೋ ಬೀಳುತ್ತದೆ. ಗೀರು ಹಾಕುವ ಸ್ಕೋರಿಂಗ್ ಚಕ್ರ ಕ್ರಿಕಟ್‌ನ ಮೇಕರ್ ಮಾದರಿಗಳಿಗೆ ಮಾತ್ರ, ಎಕ್ಸ್‌ಪ್ಲೋರ್ ಮಾದರಿಯವರಿಗೆ ಸ್ಟೈಲಸ್ಸೇ (ಮೊಂಡು ಮೊನೆಯ ಗೀರುಕಡ್ಡಿ) ಗತಿ. ಎರಡೂ ಇಲ್ಲದವರು ಸ್ಟೀಲ್ ಸ್ಕೇಲ್ ಇಟ್ಟು ಇಂಕ್ ಮುಗಿದ ಬಾಲ್‌ಪೆನ್ನಿನಿಂದ ಗೀರಿದರೂ ಆಗುತ್ತದೆ.

ಪ್ರಶ್ನೆ: ಗೃಹಪ್ರವೇಶದ ಕಾರ್ಡು ತೆರೆದರೆ ಮನೆ ಎದ್ದು ನಿಲ್ಲಬೇಕು. ನಿಲ್ಲುತ್ತದೆ, ಆದರೆ ಮುಚ್ಚಿದಾಗ ಮನೆಯ ತುದಿ ಹೊರಗೆ ಇಣುಕುತ್ತದೆ. (ಭದ್ರಾವತಿ)

ಉತ್ತರ: ಮನೆಯ ಎತ್ತರ ಮತ್ತು ಅದು ಮುಂದೆ ಚಾಚುವ ಆಳ, ಇವೆರಡರ ಮೊತ್ತ ಕಾರ್ಡಿನ ಒಂದು ಮಗ್ಗುಲಿಗಿಂತ (ಮಡಿಕೆಯಿಂದ ಎದುರಂಚಿನವರೆಗಿನ ಅಳತೆ) ಕಡಿಮೆ ಇರಬೇಕು. ಎತ್ತರ 40, ಆಳ 25 ಎಂದಿಟ್ಟುಕೊಳ್ಳಿ. ನಡುಮಡಿಕೆಯಿಂದ ಮೇಲಕ್ಕೆ 40, ಕೆಳಕ್ಕೆ 25 ಮಿ.ಮೀ. ಬರುವಂತೆ ಎರಡು ಸಮಾನಾಂತರ ಸೀಳು ಹಾಕಿ. ಪಟ್ಟಿಯ ಮೇಲ್ತುದಿ, ಕೆಳತುದಿ ಎರಡರಲ್ಲೂ ಸ್ಕೋರ್ ಬೇಕು. ಮೂರನೆಯ ಸ್ಕೋರ್ ಮೇಲ್ತುದಿಯಿಂದ 25 ಮಿ.ಮೀ. ಕೆಳಗೆ, ಅದೇ ಮನೆಯ ಮುಂದಿನ ಅಂಚು. ಆ ಪಟ್ಟಿಯ ಮೇಲೆ ನಡುಮಡಿಕೆಯ ಗೀರು ಹಾಯಬಾರದು. ಹಾಯ್ದರೆ ಮನೆ ಹೊಟ್ಟೆಯ ಹತ್ತಿರ ಕುಸಿಯುತ್ತದೆ. ಮುಚ್ಚಿದಾಗ ಮುಂದಿನ ಅಂಚು ಮಡಿಕೆಯಿಂದ 65 ಮಿ.ಮೀ. ದೂರ ಹೋಗುತ್ತದೆ. ಎ6 ಕಾರ್ಡಿನ ಮಗ್ಗುಲು 105 ಮಿ.ಮೀ., ಹಾಗಾಗಿ ಧಾರಾಳ ಜಾಗ. ಹೆಂಚಿನ ಮಾಡನ್ನು ಬೇರೆ ಕತ್ತರಿಸಿ ಎದುರುಮೈಗೆ ಅಂಟಿಸುವುದಾದರೆ, ಮುಂದಿನ ಅಂಚಿನಿಂದ ಮೇಲೆ ಅದು 40 ಮಿ.ಮೀ. ಮೀರಬಾರದು, 35ಕ್ಕೆ ನಿಲ್ಲಿಸಿ. ಒಳಗಿನ ಈ ಹಾಳೆ 160 ಜಿಎಸ್‌ಎಂ ಇದ್ದರೆ ಸಾಕು, ಅದನ್ನು ದಪ್ಪ ಹೊರಗವಚಕ್ಕೆ ಡಬಲ್ ಸೈಡ್ ಟೇಪಿನಿಂದ ಅಂಟಿಸಿ. ಮಳೆಗಾಲದಲ್ಲಿ ಫೆವಿಕಾಲ್ ಬೇಗ ಒಣಗುವುದಿಲ್ಲ, ಹಾಳೆ ಸುಕ್ಕಾಗುತ್ತದೆ.

ಪ್ರಶ್ನೆ: ಹಸೆ ಚಿತ್ತಾರದ ವಿನ್ಯಾಸ ಕತ್ತರಿಸಲು ಹೋದರೆ ಗೆರೆಗಳೆಲ್ಲ ಹರಿಯುತ್ತವೆ. (ಸೊರಬ)

ಉತ್ತರ: ಹರಿಯದೆ ಇನ್ನೇನು! ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಎಳೆಯುವ ಗೆರೆ ಅದು. ಕತ್ತರಿಸಲು ಹುಟ್ಟಿದ್ದಲ್ಲ. 1.5 ಮಿ.ಮೀ.ಗಿಂತ ಸಪೂರ ಪಟ್ಟಿ ಥಂಡಿ ಹಾಳೆಯಲ್ಲಿ ನಿಲ್ಲುವುದಿಲ್ಲ. ಯಂತ್ರಕ್ಕೆ ಬ್ಲೇಡಿನ ಬದಲು ಪೆನ್ನು ಕೊಡಿ. ಇಟ್ಟಿಗೆ ಬಣ್ಣದ ಹಾಳೆ, ಬಿಳಿ ಜೆಲ್ ಪೆನ್, ಗೆರೆಗೆ ‘ಪೆನ್’ ಆಯ್ಕೆ. ಚಿತ್ರವನ್ನು ಫೋಟೋದಿಂದ ಟ್ರೇಸ್ ಮಾಡಿದರೆ ಪ್ರತಿ ಗೆರೆಯ ಎರಡೂ ಅಂಚು ಸಿಕ್ಕಿ ಜೋಡಿ ಗೆರೆ ಬೀಳುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ‘ಸೆಂಟರ್‌ಲೈನ್ ಟ್ರೇಸಿಂಗ್’ ಬಳಸಿ, ಅಥವಾ ಹೆಚ್ಚಾಗಿ ನೇರಗೆರೆಗಳೇ ಆದ್ದರಿಂದ ನೀವೇ ಎಳೆದು ಎಸ್‌ವಿಜಿ (ಗೆರೆಚಿತ್ರದ ಫೈಲ್) ಆಗಿ ಉಳಿಸಿ. ಕ್ರಿಕಟ್‌ನಲ್ಲಿ ಪೆನ್ನಿಗೂ ಸ್ಟೈಲಸ್ಸಿಗೂ ಒಂದೇ ಹಿಡಿಕೆ, ನಡುವೆ ಯಂತ್ರ ನಿಂತಾಗ ಬದಲಿಸಬೇಕು. ಯಾರಾದರೂ ಕಲಾವಿದೆಯ ಚಿತ್ರದಿಂದ ತೆಗೆದದ್ದಾದರೆ ಅವರನ್ನು ಕೇಳಿ, ಕಾರ್ಡಿನ ಹಿಂದೆ ಹೆಸರು ಹಾಕಿ.

ಪ್ರಶ್ನೆ: ಕತ್ತರಿಸುವಾಗ ಕರೆಂಟ್ ಹೋದರೆ? (ಹೊಸನಗರ)

ಉತ್ತರ: ಯಂತ್ರಕ್ಕೂ ಕಂಪ್ಯೂಟರಿಗೂ ಯುಪಿಎಸ್ ಹಾಕಿ. ಅದಿಲ್ಲದಿದ್ದರೆ ಹಾಳೆಯನ್ನು ಮ್ಯಾಟಿನಿಂದ ಬಿಡಿಸದೆ ಉಳಿದದ್ದನ್ನು ಕೈಚಾಕುವಿನಿಂದ ಮುಗಿಸಿ. ಮತ್ತೆ ಮೊದಲಿನಿಂದ ಓಡಿಸಿದರೆ ಗೆರೆ ಕೂದಲೆಳೆಯಷ್ಟು ಸರಿದರೂ ಕಾರ್ಡು ಹಾಳು.

ಪ್ರಶ್ನೆ: ಅಂಚೆಗೆ ಹಾಕಲು ಯಾವ ಅಳತೆ ಒಳ್ಳೆಯದು? (ಶಿವಮೊಗ್ಗ)

ಉತ್ತರ: ಎ6. ಸಿ6 ಲಕೋಟೆಯಲ್ಲಿ (114 × 162 ಮಿ.ಮೀ.) ಸಲೀಸಾಗಿ ಕೂರುತ್ತದೆ. 250 ಜಿಎಸ್‌ಎಂ ಎ6 ಕಾರ್ಡಿನ ತೂಕ ಸುಮಾರು 8 ಗ್ರಾಂ. ಎ5 ಕಾರ್ಡಾದರೆ ಹಾಳೆಯೇ 15.6 ಗ್ರಾಂ, ಒಳಗೆ ಎದ್ದು ನಿಲ್ಲುವ ಪಾಪ್‌ಅಪ್ ಸೇರಿಸಿ ದೊಡ್ಡ ಲಕೋಟೆಗೆ ಹಾಕಿದರೆ ಅಂಚೆಯ ಮೊದಲ ಹಂತವಾದ 20 ಗ್ರಾಂ ದಾಟುತ್ತದೆ. ಅಂಚೆಚೀಟಿ ಅಂಟಿಸುವ ಮೊದಲು ತೂಗಿಸಿ.